ಮೈಭಾರವೂ ಹೆಣ್ಣಿನ ರಟ್ಟೆಯೂ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಶರಣರ ಬದುಕು, ಇಂಥ ವಿಷಯಗಳಿಗೆ ನಮ್ಮ ಸಭೆಗಳು ಒಗ್ಗಿಹೋಗಿವೆ. ಆದರೆ ಇದು ದೈಹಿಕ ಶಿಕ್ಷಣ ಕಲಿಸಿದ ಒಬ್ಬ ಅಧ್ಯಾಪಕಿಯ ನೆನಪಿಗೆಂದು ಇಟ್ಟ ದತ್ತಿ. ಆದ್ದರಿಂದ ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ. ಕಾಲೇಜಿನ ಹುಡುಗಿಯರು ಕೇಳುತ್ತಾರೆ, ಅವರನ್ನು ಬಿಡಲು ಬರುವ ಅಮ್ಮಂದಿರೂ ಗೇಟಿನ ಹತ್ತಿರ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಜಿಮ್ಮಿಗೆ ಹೋಗೋದಕ್ಕೆ ಆಗಲ್ಲ ಮೇಡಂ. ಮನೇಲೇ ಬರೀ ಮೈಭಾರದ ವ್ಯಾಯಾಮ ಮಾಡಿದ್ರೆ ತೋಳು ಗಟ್ಟಿ ಆಗುತ್ತಾ? ನೋಡಿದ್ರೆ ಕಾಣೋ ಹಾಗೆ?"

ಆಗುತ್ತದೆ. ನನ್ನ ಉತ್ತರವನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ಆದರೆ ಈ "ಆಗುತ್ತದೆ"ಗೆ ಎರಡು ಷರತ್ತುಗಳಿವೆ. ತೋಳಿನ ಮೇಲೆ ಬೀಳುವ ಭಾರ ತಿಂಗಳಿಂದ ತಿಂಗಳಿಗೆ ಏರುತ್ತಿರಬೇಕು. ಮತ್ತು ತಳ್ಳುವ ಕೆಲಸದ ಜೊತೆಗೆ ಎಳೆಯುವ ಕೆಲಸವೂ ಇರಬೇಕು. ಮೊದಲನೆಯದನ್ನು ಮನೆಯ ಗೋಡೆ, ಅಡುಗೆಕಟ್ಟೆ, ನೆಲ ಇವೇ ಪೂರೈಸುತ್ತವೆ. ಎರಡನೆಯದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಸರಿಯಾದ ಜಾಗವನ್ನೇ ನಾವು ಮಾಡಿಕೊಟ್ಟಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಎರಡರ ಸುತ್ತಲೇ.

ಮೊದಲು ತೋಳಿನ ಒಳಗೆ ನೋಡೋಣ. ಹೆಗಲಿಂದ ಮೊಣಕೈವರೆಗಿನ ಭಾಗವನ್ನು ರಟ್ಟೆ ಎನ್ನುತ್ತೇವೆ. ರಟ್ಟೆ ತೋರಿಸು ಎಂದರೆ ಮಕ್ಕಳು ಮುಷ್ಟಿ ಮಡಿಸಿ ಮುಂದಿನ ಉಬ್ಬನ್ನು ತೋರಿಸುತ್ತಾರೆ. ಅದು ಬೈಸೆಪ್ಸ್, ಕೈ ಮಡಿಸುವ ಸ್ನಾಯು. ಆದರೆ ರಟ್ಟೆಯ ಸ್ನಾಯುವಿನಲ್ಲಿ ದೊಡ್ಡ ಪಾಲು, ಹತ್ತಿರಹತ್ತಿರ ಮೂರರಲ್ಲಿ ಎರಡು ಭಾಗ, ಹಿಂದುಗಡೆಯ ಟ್ರೈಸೆಪ್ಸ್‌ನದು. ಅದರ ಕೆಲಸ ಮೊಣಕೈಯನ್ನು ನೀಳ ಮಾಡುವುದು, ಅಂದರೆ ತಳ್ಳುವುದು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ ಜೋಲುತ್ತದೆ ಎಂದು ಹೆಂಗಸರು ನಾಚಿಕೊಳ್ಳುವ ಭಾಗವೂ ಇದೇ. ಹಾಗಾಗಿ ತೋಳು ತುಂಬಿಕೊಂಡು ಕಾಣಬೇಕಾದರೆ ತಳ್ಳುವ ವ್ಯಾಯಾಮವೇ ಮೊದಲ ದಾರಿ. ನಮ್ಮ ಗರಡಿಗಳಲ್ಲಿ ದಂಡೆ ಹೊಡೆಯುವುದು ಎನ್ನುವುದಕ್ಕೂ ಇಂದಿನ ಪುಶ್ ಅಪ್‌ಗೂ ಚಲನೆಯಲ್ಲಿ ವ್ಯತ್ಯಾಸವಿದೆ, ಆದರೆ ತೋಳಿಗೆ ಬೀಳುವ ಕೆಲಸ ಒಂದೇ ಜಾತಿಯದು.

ಸ್ನಾಯುವಿನ ಎಳೆಗೆ ತಲುಪುವುದು ಎಳೆತ ಮಾತ್ರ. ಅದು ಕಬ್ಬಿಣದ ಡಂಬೆಲ್‌ನಿಂದ ಬಂತೋ, ನೀರು ತುಂಬಿದ ಕೊಡದಿಂದ ಬಂತೋ, ನಿಮ್ಮದೇ ಮೈಯಿಂದ ಬಂತೋ ಎಂಬ ಭೇದ ಎಳೆಗೆ ಇಲ್ಲ. ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ. 30ರಷ್ಟು ಹಗುರಾದ ಭಾರದಿಂದಲೂ ಸ್ನಾಯು ಬೆಳೆಯುತ್ತದೆ ಎಂದು ಕಳೆದ ಹತ್ತು ಹದಿನೈದು ವರ್ಷಗಳ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಇನ್ನೊಂದೆರಡು ಸಲಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಎನ್ನುವವರೆಗೆ ಆ ಕೆಲಸವನ್ನು ಒಯ್ಯಬೇಕು. ಹತ್ತು ಪುಶ್ ಅಪ್ ಮಾಡಿ, ಇನ್ನೂ ಇಪ್ಪತ್ತು ಮಾಡುವ ತ್ರಾಣವಿದ್ದಾಗಲೇ ಎದ್ದು ನಿಂತರೆ ಬೆವರು ಬಂದೀತು, ತೋಳು ಬೆಳೆಯದು.

ಹಾಗಾದರೆ ಪುಶ್ ಅಪ್‌ನಲ್ಲಿ ಎಷ್ಟು ಭಾರ ಎತ್ತುತ್ತೇವೆ? ಇದನ್ನು ತಕ್ಕಡಿಯಂಥ ಫಲಕದ ಮೇಲೆ ಕೈಯೂರಿಸಿ ಅಳೆದವರಿದ್ದಾರೆ. ಅಮೆರಿಕದ ಸಂಶೋಧಕರ ತಂಡವೊಂದು 2011ರಲ್ಲಿ ಪ್ರಕಟಿಸಿದ ಅಳತೆ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ನೆಲದ ಮೇಲಿನ ಸಾಮಾನ್ಯ ಪುಶ್ ಅಪ್‌ನಲ್ಲಿ ಕೈಗಳ ಮೇಲೆ ಬೀಳುವುದು ಮೈತೂಕದ ಶೇ. 64. ಮೊಣಕಾಲೂರಿ ಮಾಡಿದರೆ ಶೇ. 49. ಕೈಗಳನ್ನು 30 ಸೆಂಟಿಮೀಟರ್ ಎತ್ತರದ ಮಣೆಯ ಮೇಲಿಟ್ಟರೆ ಶೇ. 55, 60 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲಿಟ್ಟರೆ ಶೇ. 41. ತಲೆಕೆಳಗು ಮಾಡಿ, ಕಾಲುಗಳನ್ನೇ ಆ ಬೆಂಚಿನ ಮೇಲಿಟ್ಟರೆ ಶೇ. 74.

60 ಕಿಲೋ ತೂಕದ ಹೆಂಗಸಿಗೆ ಇದನ್ನು ಲೆಕ್ಕ ಹಾಕಿ. ಬೆಂಚಿನ ಮೇಲೆ ಕೈಯಿಟ್ಟರೆ 25 ಕಿಲೋ, ಮೊಣಕಾಲೂರಿದರೆ 29, ಮಣೆಯ ಮೇಲೆ 33, ನೆಲದ ಮೇಲೆ 38, ಕಾಲು ಬೆಂಚಿಗೇರಿಸಿದರೆ 44. ಗೋಡೆಗೆ ಕೈಯೂರಿದರೆ 25ಕ್ಕಿಂತಲೂ ಎಷ್ಟೋ ಕಡಿಮೆ. ಅಡುಗೆಕಟ್ಟೆ ಗೋಡೆಗೂ ಬೆಂಚಿಗೂ ನಡುವೆ ಬರುತ್ತದೆ. ಯಾವ ಸಲಕರಣೆಯೂ ಇಲ್ಲದ ಮನೆಯಲ್ಲಿ ಭಾರವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದಕ್ಕೆ ಸಾಧ್ಯವಿದೆ. 25 ಕಿಲೋ ಭಾರವನ್ನು ಎದೆಯ ಮೇಲಿಂದ ತಳ್ಳು ಎಂದು ಜಿಮ್ಮಿನಲ್ಲಿ ಹೇಳಿದರೆ ಹೆದರಿ ಹಿಂದೆ ಸರಿಯುವ ಹುಡುಗಿ, ಬೆಂಚಿನ ಮೇಲೆ ಕೈಯಿಟ್ಟು ಅದನ್ನೇ ಆರಾಮವಾಗಿ ಮಾಡುತ್ತಾಳೆ. ಅದು 25 ಕಿಲೋ ಎಂದು ಅವಳಿಗೆ ಹೇಳಿದ ದಿನ ಅವಳ ಮುಖ ನೋಡಬೇಕು.

ಈ ವೇದಿಕೆಯ ಮೇಜನ್ನೇ ನೋಡಿ. ಅಂಚಿಗೆ ಅಂಗೈಯೂರಿ, ಹೆಜ್ಜೆ ಹಿಂದಿಟ್ಟು, ಹಿಮ್ಮಡಿಯಿಂದ ತಲೆಯವರೆಗೆ ಮೈಯನ್ನು ಹಲಗೆಯಂತೆ ನೆಟ್ಟಗೆ ಇಡಬೇಕು. ನಿಧಾನವಾಗಿ ಮೂರೆಣಿಸುತ್ತ ಎದೆಯನ್ನು ಅಂಚಿಗೆ ತಂದು ಮತ್ತೆ ತಳ್ಳಬೇಕು. ಹೊಸಬರ ಮೊಣಕೈಗಳು ಹಕ್ಕಿಯ ರೆಕ್ಕೆಯ ಹಾಗೆ ಹೊರಗೆ ಚಾಚಿಕೊಳ್ಳುತ್ತವೆ. ಅವನ್ನು ಪಕ್ಕೆಯ ಕಡೆಗೆ ಸ್ವಲ್ಪ ಎಳೆದುಕೊಂಡರೆ ಹೆಗಲಿನ ಕೀಲು ಉಳಿಯುತ್ತದೆ, ಕೆಲಸ ಟ್ರೈಸೆಪ್ಸ್‌ಗೆ ಹೋಗುತ್ತದೆ. ಎಂಟರಿಂದ ಹದಿನೈದರ ಒಳಗೆ ಕೈ ಸೋಲುವಂಥ ಎತ್ತರವನ್ನು ಆರಿಸಿಕೊಳ್ಳಿ. ಹದಿನೈದನ್ನು ಸಲೀಸಾಗಿ ದಾಟಿದ ವಾರ ಒಂದು ಮೆಟ್ಟಿಲು ಕೆಳಕ್ಕೆ ಇಳಿಯಿರಿ. ಹೀಗೆ ಮೂರು ಸರದಿ, ನಡುವೆ ಎರಡು ನಿಮಿಷ ವಿಶ್ರಾಂತಿ, ವಾರಕ್ಕೆ ಎರಡು ಮೂರು ದಿನ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎಲ್ಲ ವಯಸ್ಕರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ಹೇಳಿದೆ. ವಾಕಿಂಗ್ ಮಾಡುತ್ತೇನಲ್ಲ ಎನ್ನುವವರು ಈ ಸಾಲನ್ನು ದಯವಿಟ್ಟು ಗಮನಿಸಿ. ನಡಿಗೆ ಹೃದಯಕ್ಕೆ ಒಳ್ಳೆಯದು, ತೋಳಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಹೆಣ್ಣಿನ ತೋಳು ಬೆಳೆಯುತ್ತದೆಯೇ ಎಂಬ ಸಂದೇಹ ಇನ್ನೂ ಕೆಲವರಿಗಿರಬಹುದು. 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 585 ಮಂದಿ ಹನ್ನೆರಡು ವಾರ ಒಂದೇ ಕೈಗೆ ತರಬೇತಿ ಕೊಟ್ಟರು. ಅವರಲ್ಲಿ 342 ಮಂದಿ ಹೆಂಗಸರು. ಮೊಣಕೈ ಮಡಿಸುವ ಸ್ನಾಯುವಿನ ಗಾತ್ರ ಸರಾಸರಿ ಶೇ. 19ರಷ್ಟು ಬೆಳೆಯಿತು. ಇದ್ದ ಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕಿದಾಗ ಗಂಡಸರು ಮುಂದಿದ್ದದ್ದು ಕೂದಲೆಳೆಯಷ್ಟು. ಬಲದ ಏರಿಕೆಯಲ್ಲಂತೂ ಹೆಂಗಸರೇ ಗಂಡಸರನ್ನು ಹಿಂದಿಕ್ಕಿದ್ದರು. ಕೆನಡಾದಲ್ಲಿ 1998ರಲ್ಲಿ ಪ್ರಕಟವಾದ, ತರುಣಿಯರ ಮೇಲೆ ಇಪ್ಪತ್ತು ವಾರ ನಡೆದ ಇನ್ನೊಂದು ಅಧ್ಯಯನದಲ್ಲಿ ತೋಳಿನ ಸ್ನಾಯು ಮೊದಲರ್ಧದಲ್ಲೇ ಬೆಳೆದಿತ್ತು. ಕಾಲು ಮತ್ತು ಮುಂಡದ ಬೆಳವಣಿಗೆ ಕಂಡದ್ದು ಎರಡನೆಯ ಅರ್ಧದಲ್ಲಿ. ಅಂದರೆ ಹೆಣ್ಣಿನ ಮೈಯಲ್ಲಿ ತೋಳು ಹಿಂದುಳಿದ ಭಾಗವೇನಲ್ಲ. ಅದು ಬೇಗ ಓಗೊಡುವ ಭಾಗ.

ಇವೆರಡೂ ಕಬ್ಬಿಣದ ಭಾರ ಬಳಸಿದ ಅಧ್ಯಯನಗಳು. ಮೈಭಾರದ ಲೆಕ್ಕಕ್ಕೆ ಜಪಾನಿನ ಇಬ್ಬರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಒಂದು ಗುಂಪಿಗೆ ಪುಶ್ ಅಪ್, ಇನ್ನೊಂದಕ್ಕೆ ಅಷ್ಟೇ ಭಾರವನ್ನು ಮಲಗಿ ಎದೆಯ ಮೇಲಿಂದ ತಳ್ಳುವ ಬೆಂಚ್ ಪ್ರೆಸ್, ವಾರಕ್ಕೆ ಎರಡು ದಿನದಂತೆ ಎಂಟು ವಾರ. ಎರಡೂ ಗುಂಪಿನಲ್ಲಿ ಎದೆಯ ಸ್ನಾಯುವೂ ಟ್ರೈಸೆಪ್ಸ್‌ ಕೂಡ ಒಂದೇ ಸಮನಾಗಿ ದಪ್ಪವಾದವು. ಆದರೆ ಅದರಲ್ಲಿ ಪಾಲ್ಗೊಂಡ 18 ಮಂದಿಯೂ ಗಂಡಸರು. ಇದು ನನಗೆ ಬೇಸರ ತರುವ ಸಂಗತಿ. ವ್ಯಾಯಾಮ ವಿಜ್ಞಾನದ ಪ್ರಯೋಗಾಲಯಕ್ಕೆ ಹೆಣ್ಣುಮಕ್ಕಳನ್ನು ಕರೆಯುವುದೇ ಕಡಿಮೆ. ಹೆಣ್ಣಿನ ತೋಳು ಭಾರಕ್ಕೆ ಬೆಳೆಯುತ್ತದೆ ಎಂಬುದು ಗೊತ್ತಾಗಿದೆ, ಮೈಭಾರವೂ ಕಬ್ಬಿಣದ ಭಾರದಷ್ಟೇ ಕೆಲಸ ಮಾಡುತ್ತದೆ ಎಂಬುದೂ ಗೊತ್ತಾಗಿದೆ. ಎರಡನ್ನೂ ಜೋಡಿಸಿಕೊಂಡು ಧೈರ್ಯವಾಗಿ ಮುಂದೆ ಹೋಗಲು ಇಷ್ಟು ಸಾಕು ಎಂಬುದು ನನ್ನ ತೀರ್ಮಾನ.

ಇನ್ನು ಹೆದರಿಕೆಯ ಮಾತು. "ಗಂಡಸರ ತೋಳಿನ ಹಾಗೆ ಆಗಿಬಿಟ್ರೆ?" ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಂಗಸರಿಗಿಂತ ಹದಿನೈದು ಪಟ್ಟಿಗೂ ಹೆಚ್ಚಿರುತ್ತದೆ. ಹದಿಹರೆಯದಿಂದಲೇ ಅವರ ಮೈಯ ಮೇಲ್ಭಾಗದ ಸ್ನಾಯು ದೊಡ್ಡ ಬುನಾದಿಯ ಮೇಲೆ ಬೆಳೆಯುತ್ತದೆ. 1993ರ ಕೆನಡಾದ ಒಂದು ಅಳತೆಯಲ್ಲಿ ಹೆಂಗಸರ ಮೈಯ ಮೇಲ್ಭಾಗದ ಬಲ ಗಂಡಸರದರ ಶೇ. 52, ಕಾಲಿನ ಬಲ ಶೇ. 66 ಇತ್ತು. ನೂರು ಇದ್ದದ್ದು ಇಪ್ಪತ್ತು ಬೆಳೆಯುವುದಕ್ಕೂ ಐವತ್ತು ಇದ್ದದ್ದು ಹತ್ತು ಬೆಳೆಯುವುದಕ್ಕೂ ಶೇಕಡಾವಾರು ಒಂದೇ, ಕಣ್ಣಿಗೆ ಕಾಣುವುದು ಬೇರೆ. ತಿಂಗಳುಗಟ್ಟಲೆ ದುಡಿದ ಮೇಲೆ ತೋಳಿನ ಸುತ್ತಳತೆ ಬದಲಾಗುವುದು ಸೆಂಟಿಮೀಟರುಗಳ ಲೆಕ್ಕದಲ್ಲಿ.

ಆ ಸೆಂಟಿಮೀಟರ್ ನಮ್ಮ ಹೆಂಗಸರಿಗೆ ಮೊದಲು ಗೊತ್ತಾಗುವುದು ಕನ್ನಡಿಯಲ್ಲಲ್ಲ, ಬ್ಲೌಸಿನ ತೋಳಿನಲ್ಲಿ. ವ್ಯಾಯಾಮ ಶುರುಮಾಡಿ ಮೂರನೆಯ ತಿಂಗಳಿಗೆ ತೋಳಿನ ಅಂಚು ಬಿಗಿಯಾಗಿ ಚರ್ಮದ ಮೇಲೆ ಗೆರೆ ಮೂಡುತ್ತದೆ. ಕೂಡಲೇ ದಪ್ಪ ಆದೆ ಎಂದುಕೊಂಡು ಗಾಬರಿಯಾಗಿ ಬಿಟ್ಟವರನ್ನು ನಾನು ಬಲ್ಲೆ. ಬಿಡಬೇಡಿ. ದರ್ಜಿಯವರು ಒಳಗೆ ಮಡಿಸಿ ಹೊಲಿದ ಬಟ್ಟೆ ಇರುತ್ತದೆ, ಒಂದು ಹೊಲಿಗೆ ಬಿಚ್ಚಿಸಿಕೊಳ್ಳಿ. ತೋಳು ಚೆನ್ನಾಗಿ ಕಾಣಬೇಕು ಎಂದು ಬಯಸುವುದು ಕೀಳು ಆಸೆ ಎಂದು ನಾನು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ಬಯಕೆ ಒಬ್ಬಳನ್ನು ಗೋಡೆಯ ಮುಂದೆ ತಂದು ನಿಲ್ಲಿಸಿದರೆ ಅದಕ್ಕೆ ನನ್ನ ನಮಸ್ಕಾರ.

ಜೋಲುವ ಭಾಗಕ್ಕೆಂದೇ ಪ್ರತ್ಯೇಕ ವ್ಯಾಯಾಮ ಹೇಳಿಕೊಡಿ ಎನ್ನುವವರಿಗೆ ಮಾತ್ರ ಒಂದು ಸತ್ಯ ಹೇಳಬೇಕು. 1971ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದರು. ರಾಕೆಟ್ ಹಿಡಿಯುವ ತೋಳು ವರ್ಷಗಟ್ಟಲೆ ದುಡಿದು ದೊಡ್ಡದಾಗಿತ್ತು, ಆದರೆ ಚರ್ಮದಡಿಯ ಕೊಬ್ಬಿನ ಪದರ ಎರಡೂ ತೋಳಿನಲ್ಲಿ ಒಂದೇ ದಪ್ಪ. ಕೆಲಸ ಮಾಡಿದ ಜಾಗದ ಕೊಬ್ಬೇ ಕರಗುವುದಿಲ್ಲ. ಕೊಬ್ಬು ಇಳಿಯುವುದು ಇಡೀ ಮೈಯ ಲೆಕ್ಕದಲ್ಲಿ, ಊಟದ ಲೆಕ್ಕದಲ್ಲಿ. ಅಡಿಯ ಸ್ನಾಯು ತುಂಬಿಕೊಂಡಾಗ ಅದೇ ಚರ್ಮ ಬಿಗಿಯಾಗಿ ಕಾಣುತ್ತದೆ, ಅಷ್ಟರಮಟ್ಟಿಗೆ ಜೋಲುವುದು ಕಡಿಮೆಯಾಗುತ್ತದೆ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಸಭೆಯ ಹಿರಿಯ ಹೆಂಗಸರು ಕೇಳಬಹುದು: ನಮ್ಮ ಅಮ್ಮಂದಿರು ಬೀಸಲಿಲ್ಲವೇ, ಕುಟ್ಟಲಿಲ್ಲವೇ, ಬಾವಿಯಿಂದ ನೀರು ಸೇದಲಿಲ್ಲವೇ? ಅವರಿಗೆ ಯಾವ ಪುಶ್ ಅಪ್ ಹೇಳಿಕೊಟ್ಟಿದ್ದರು? ನಿಜ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಲಿಸನ್ ಮ್ಯಾಕಿಂಟಾಶ್ ಮತ್ತು ಸಂಗಡಿಗರು 2017ರಲ್ಲಿ ಮಧ್ಯ ಯುರೋಪಿನ ಸಾವಿರಾರು ವರ್ಷ ಹಿಂದಿನ ಹೆಂಗಸರ ತೋಳಿನ ಮೂಳೆಗಳನ್ನು ಇಂದಿನ ಹೆಂಗಸರ ಮೂಳೆಗಳ ಜೊತೆ ಹೋಲಿಸಿದರು. ಏಳು ಸಾವಿರ ವರ್ಷ ಹಿಂದಿನ, ಬೇಸಾಯ ಶುರುವಾದ ಕಾಲದ ಹೆಂಗಸರ ತೋಳಿನ ಮೂಳೆ ಕೇಂಬ್ರಿಜ್‌ನ ದೋಣಿ ಹುಟ್ಟುಹಾಕುವ ಪಂದ್ಯಗಾರ್ತಿಯರ ಮೂಳೆಗಿಂತ ಶೇ. 11ರಿಂದ 16ರಷ್ಟು ಗಟ್ಟಿಯಿತ್ತು. ಸಾಮಾನ್ಯ ವಿದ್ಯಾರ್ಥಿನಿಯರಿಗಿಂತ ಹತ್ತಿರಹತ್ತಿರ ಶೇ. 30ರಷ್ಟು. ಕಾಳನ್ನು ಕಲ್ಲಿನ ಮೇಲೆ ಕಲ್ಲಿಟ್ಟು ತಿಕ್ಕಿ ತಿಕ್ಕಿ ಹಿಟ್ಟು ಮಾಡಿದ್ದು ಇದಕ್ಕೆ ದೊಡ್ಡ ಕಾರಣವಿರಬೇಕೆಂದು ಅವರ ಊಹೆ. ಬೀಸುಕಲ್ಲಿನ ಗೂಟ ಹಿಡಿದು ಬೆಳಗಿನ ಜಾವ ಕುಳಿತವರ ಮೊಮ್ಮಕ್ಕಳು ನಾವು. ಒನಕೆಯನ್ನು ಆಯುಧವಾಗಿ ಎತ್ತಿದ ಚಿತ್ರದುರ್ಗದ ಓಬವ್ವನ ಜಯಂತಿಯನ್ನು ನವೆಂಬರ್ 11ರಂದು ಸರ್ಕಾರವೇ ಆಚರಿಸುತ್ತದೆ. ಒನಕೆ ಎತ್ತುವ ತೋಳು ಒಂದು ದಿನದಲ್ಲಿ ಬಂದದ್ದಲ್ಲ ಎಂಬುದನ್ನು ಆ ದಿನದ ಭಾಷಣಗಳಲ್ಲಿ ಯಾರಾದರೂ ಹೇಳಬೇಕು ಎಂದು ನನ್ನ ಆಸೆ.

ಆದರೂ ನಮ್ಮ ಅಮ್ಮಂದಿರ ಕಾಲದ ಗರಡಿಮನೆಯನ್ನು ಪಕ್ಕದಲ್ಲಿಟ್ಟು ನೋಡಿ. ಗರಡಿಗೆ ಹೋದ ಹುಡುಗನಿಗೆ ವಸ್ತಾದರು ಇವತ್ತು ಇಷ್ಟು ದಂಡೆ, ಬರುವ ತಿಂಗಳು ಅಷ್ಟು, ಆಮೇಲೆ ಗದೆ, ಆಮೇಲೆ ಇನ್ನೂ ತೂಕದ ಗದೆ ಎಂದು ಏರಿಸುತ್ತ ಹೋದರು. ಸಾಮು ಮುಗಿಸಿ ಬಂದವನಿಗೆ ಮನೆಯಲ್ಲಿ ಹಾಲು, ಬಾದಾಮಿ, ತುಪ್ಪ ಕಾದಿರುತ್ತಿತ್ತು. ಉಂಡು ಮಲಗಿದರೆ ಏಳು ಎನ್ನುವವರಿಲ್ಲ. ಏರುವ ಭಾರ, ಊಟ, ವಿಶ್ರಾಂತಿ, ಮೂರೂ ಅವನಿಗೆ ಸಿಕ್ಕವು. ಬಹುಪಾಲು ಗರಡಿಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಅವರಿಗೆ ಸಿಕ್ಕ ಬೀಸುಕಲ್ಲಿನ ತೂಕ ಮದುವೆಯಾಗಿ ಬಂದ ವರ್ಷವೂ ಅಷ್ಟೇ, ಆರು ಹೆತ್ತ ಮೇಲೂ ಅಷ್ಟೇ. ಸ್ನಾಯು ಆ ತೂಕಕ್ಕೆ ಬೇಕಾದಷ್ಟು ಬೆಳೆದು ಅಲ್ಲಿಗೇ ನಿಂತಿತು. ಆಮೇಲೆ ಉಳಿದದ್ದು ಸವೆತ. ಬೀಸಿ ಎದ್ದವಳು ಕೊನೆಗೆ ಉಣ್ಣುತ್ತಿದ್ದಳು, ಉಳಿದದ್ದನ್ನು ಉಣ್ಣುತ್ತಿದ್ದಳು. ನಮ್ಮ ಹೆಂಗಸರ ತೋಳಿಗೆ ದುಡಿಮೆ ಯಾವತ್ತೂ ಕಡಿಮೆಯಾಗಿಲ್ಲ. ಏರುತ್ತ ಹೋಗುವ ಕೆಲಸ, ಅದರ ಹಿಂದೆಯೇ ಬರಬೇಕಾದ ಊಟ, ನಿದ್ದೆ, ಇವು ಸಿಗಲಿಲ್ಲ.

ಇಂದು ಬೀಸುಕಲ್ಲೂ ಹೋಯಿತು. ಮಿಕ್ಸಿ ಬಂತು, ಗ್ರೈಂಡರ್ ಬಂತು, ಬರಲಿ, ಬಂದದ್ದು ಒಳ್ಳೆಯದೇ ಆಯಿತು. ಆದರೆ ತೋಳಿಗೆ ಇದ್ದ ಆ ಒಂದು ಕೆಲಸವೂ ಹೋಗಿ, ಅದರ ಜಾಗಕ್ಕೆ ಏನೂ ಬರಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಭಾರತದ ಶೇ. 57ರಷ್ಟು ಹೆಂಗಸರಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಇದು ಶೇ. 42. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಹೇಳುವ ಗಂಡಂದಿರು ಸಭೆಯಲ್ಲಿದ್ದರೆ, ದಯವಿಟ್ಟು ಆ ಮಾತನ್ನು ಇಂದಿಗೆ ಬಿಟ್ಟುಬಿಡಿ.

ಇನ್ನು ಎಳೆಯುವ ಕೆಲಸ. ನೆಲ, ಗೋಡೆ, ಮೇಜು ಇವೆಲ್ಲ ತಳ್ಳಲು ಬರುತ್ತವೆ. ಬೈಸೆಪ್ಸ್, ಬೆನ್ನು, ಮುಂಗೈ ಬೆಳೆಯಬೇಕಾದರೆ ಏನನ್ನಾದರೂ ಹಿಡಿದು ಮೈಯನ್ನು ಅದರತ್ತ ಎಳೆದುಕೊಳ್ಳಬೇಕು. ಇಲ್ಲಿ ಮೈಭಾರದ ವ್ಯಾಯಾಮ ಕಷ್ಟವಾಗುತ್ತದೆ. ಕಂಬಿಗೆ ಜೋತುಬಿದ್ದ ಕ್ಷಣ ಶೇ. 64 ಎಲ್ಲ ಇಲ್ಲ, ಬಹುತೇಕ ಇಡೀ ಮೈಯ ಭಾರವೇ ಕೈಗೆ ಬರುತ್ತದೆ. ಅಮೆರಿಕದ ಮರೀನ್ ಪಡೆ ಹೆಣ್ಣುಮಕ್ಕಳಿಗೂ ಕನಿಷ್ಠ ಮೂರು ಪುಲ್ ಅಪ್ (ಗಲ್ಲ ಕಂಬಿಯ ಮೇಲೆ ಬರುವಂತೆ ಮೈಯನ್ನು ಎಳೆದುಕೊಳ್ಳುವುದು) ಕಡ್ಡಾಯ ಮಾಡಲು ಹೊರಟು, 2013ರ ಕೊನೆಯಲ್ಲಿ ಅದನ್ನು ಮುಂದೂಡಬೇಕಾಯಿತು. ತರಬೇತಿಗೆ ಬಂದವರಲ್ಲಿ ಶೇ. 55ರಷ್ಟು ಮಂದಿ ಮೂರನ್ನು ಮುಟ್ಟಿರಲಿಲ್ಲ. ಸುದ್ದಿಯಾದದ್ದು ಈ ಅಂಕಿ. ಉಳಿದ ಶೇ. 45 ಮಂದಿ ಮೂರು ಅಥವಾ ಅದಕ್ಕಿಂತ ಹೆಚ್ಚು ಮಾಡಿದ್ದರು ಎಂಬುದನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಮೊದಲು ಹೇಳುತ್ತೇನೆ.

ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಲಿಲಿಯನ್ ಲೈಟ್ಜೆಲ್ ಎಂಬ ಸರ್ಕಸ್ ಕಲಾವಿದೆಯನ್ನು ನೆನೆಯಬೇಕು. ನಾಲ್ಕು ಅಡಿ ಒಂಬತ್ತು ಇಂಚಿನ ಆಸುಪಾಸಿನ ಎತ್ತರ, ಸುಮಾರು 43 ಕಿಲೋ ತೂಕ. ಎತ್ತರದಲ್ಲಿ ಕಟ್ಟಿದ ಹಗ್ಗದ ಬಳೆಯಲ್ಲಿ ಒಂದೇ ಮಣಿಕಟ್ಟು ಸಿಕ್ಕಿಸಿ, ಇಡೀ ಮೈಯನ್ನು ಹೆಗಲಿನ ಮೇಲಿಂದ ಸುತ್ತುಸುತ್ತಾಗಿ ತಿರುಗಿಸುವುದು ಆಕೆಯ ಪ್ರದರ್ಶನ. ಒಂದೇ ಪ್ರದರ್ಶನದಲ್ಲಿ ಅಂಥ ಹತ್ತಾರು ಸುತ್ತು, ಕೆಲವೊಮ್ಮೆ ನೂರಕ್ಕೂ ಹೆಚ್ಚು. 1918ರಲ್ಲಿ ಫಿಲಡೆಲ್ಫಿಯಾದ ವ್ಯಾಯಾಮಶಾಲೆಯೊಂದರಲ್ಲಿ ಆಕೆ ಬಲಗೈ ಒಂದರಿಂದಲೇ 27, ಎಡಗೈಯಿಂದ 19 ಪುಲ್ ಅಪ್ ಮಾಡಿದ್ದು ದಾಖಲೆ ಪುಸ್ತಕಗಳಲ್ಲಿದೆ. 1931ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಲಕರಣೆಯ ಲೋಹದ ಕೊಂಡಿ ತುಂಡಾಗಿ ಬಿದ್ದು ತೀರಿಕೊಂಡಳು. ಕೊಂಡಿ ತುಂಡಾಯಿತು, ತೋಳು ಸೋತಿರಲಿಲ್ಲ. ಆಕೆಯ ತೋಳನ್ನು ಬೆಳೆಸಿದ್ದು ಅವಳದೇ ಮೈಭಾರ.

ತನ್ನ ಮೈಯನ್ನೇ ತೋಳಿನಿಂದ ಎತ್ತುವ ಈ ವಿದ್ಯೆ ನಮ್ಮಲ್ಲೂ ಹೊಸತಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲರ ಕಂಬದ ಪ್ರಸ್ತಾಪವಿದೆ. ಇಂದು ಮಲ್ಲಕಂಬ ಖೇಲೋ ಇಂಡಿಯಾ ಕ್ರೀಡಾಕೂಟದಲ್ಲಿದೆ, ಹೆಣ್ಣುಮಕ್ಕಳು ಹಗ್ಗದ ಮಲ್ಲಕಂಬ ಏರುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದನ್ನು ಕಲಿಯುವ ಹುಡುಗಿಯರ ತೋಳನ್ನು ಹತ್ತಿರದಿಂದ ನೋಡಿ. ಹೆಗಲು, ಮುಂಗೈ ಎಲ್ಲ ಕಡೆದಿಟ್ಟ ಹಾಗಿರುತ್ತವೆ. ಅವರ ಕೈಗೆ ಸಿಕ್ಕ ಸಲಕರಣೆ ಒಂದು ಹಗ್ಗ. 2016ರ ರಿಯೋ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ವಾಲ್ಟ್ ವಿಭಾಗದಲ್ಲಿ ನಾಲ್ಕನೆಯವರಾದ ತ್ರಿಪುರಾದ ದೀಪಾ ಕರ್ಮಾಕರ್ ಅವರ ತೋಳನ್ನೂ ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಇವರೆಲ್ಲ ಎಳವೆಯಿಂದ ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡಿದವರು, ಅವರ ಗುರಿ ನಮ್ಮದಲ್ಲ. ಮೈಭಾರದ ದಾರಿ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಮಾತ್ರ ಹೇಳಿದೆ.

ಒಂದೂ ಪುಲ್ ಅಪ್ ಬಾರದವಳು ಎಲ್ಲಿಂದ ಶುರುಮಾಡಬೇಕು? ಇಳಿಯುವುದರಿಂದ. ಸ್ನಾಯು ಎತ್ತಬಲ್ಲದ್ದಕ್ಕಿಂತ ಹೆಚ್ಚು ಭಾರವನ್ನು ತಡೆದು ತಡೆದು ಇಳಿಸಬಲ್ಲದು. ನಮ್ಮ ಹಾಸ್ಟೆಲಿನ ಹಿಂದಿನ ಕಂಬಿಯ ಹತ್ತಿರ ಹುಡುಗಿಯೊಬ್ಬಳು ಸ್ಟೂಲಿನ ಮೇಲೆ ನಿಂತು, ಅಂಗೈ ತನ್ನ ಕಡೆಗೆ ಇರುವಂತೆ ಕಂಬಿ ಹಿಡಿದು, ಗಲ್ಲವನ್ನು ಕಂಬಿಯ ಮೇಲೆ ತಂದು ಕಾಲು ಎತ್ತುತ್ತಾಳೆ. ಗೆಳತಿ ಕೆಳಗೆ ನಿಂತು ಎಣಿಸುತ್ತಾಳೆ. ಮೊದಲ ಒಂದು ಗೇಣು ಸಲೀಸು. ಮೊಣಕೈ ಮೂಲೆಮಟ್ಟಕ್ಕೆ ಬಂದಾಗ ರಟ್ಟೆ ನಡುಗುತ್ತದೆ, ಉಸಿರು ಕಟ್ಟುತ್ತದೆ, "ಉಸಿರು ಬಿಡೇ" ಎಂದು ಗೆಳತಿ ಕೂಗುತ್ತಾಳೆ. ಅಲ್ಲಿಂದ ಕೆಳಗೆ ಕಲ್ಲು ಬಿದ್ದಂತೆ ಇಳಿದುಬಿಡುತ್ತಾಳೆ. ಹಾಗೆ ಕುಸಿಯುವ ಜಾಗದಲ್ಲೇ ಅವಳ ಅಭ್ಯಾಸ ನಡೆಯಬೇಕು. ಕೆಲವು ವಾರಗಳಲ್ಲಿ ಕುಸಿತ ಕೆಳಕ್ಕೆ ಸರಿಯುತ್ತದೆ, ಐದೆಣಿಸುವವರೆಗೆ ತಡೆದವಳು ಹತ್ತೆಣಿಸುವವರೆಗೆ ತಡೆಯುತ್ತಾಳೆ. ಉಂಗುರ ಬೆರಳಿನ ಬುಡದಲ್ಲಿ ಚರ್ಮ ಗಟ್ಟಿಯಾಗುತ್ತದೆ, ಅದನ್ನು ಅವರು ಒಬ್ಬರಿಗೊಬ್ಬರು ಹೆಮ್ಮೆಯಿಂದ ತೋರಿಸಿಕೊಳ್ಳುತ್ತಾರೆ. ಜೊತೆಗೆ ಸೊಂಟದೆತ್ತರದ ಕಂಬಿಯ ಕೆಳಗೆ ಅಂಗಾತ ಚಾಚಿಕೊಂಡು, ಹಿಮ್ಮಡಿ ಊರಿ, ಎದೆಯನ್ನು ಕಂಬಿಗೆ ಎಳೆದುಕೊಳ್ಳುವ ವ್ಯಾಯಾಮ. ತೋಳು ಬೆಳೆಯಲು ಇವೆರಡೇ ಸಾಕು, ಪೂರ್ತಿ ಪುಲ್ ಅಪ್ ಬಾರದೇ ಹೋದರೂ ತೊಂದರೆಯಿಲ್ಲ. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದಲ್ಲಿ 17 ಹೆಂಗಸರು ಮೂರು ತಿಂಗಳು ಅಭ್ಯಾಸ ಮಾಡಿದಾಗ ಒಂದು ಪುಲ್ ಅಪ್ ಮುಟ್ಟಿದವರು ನಾಲ್ವರು. ಆದರೆ ಗುಂಪಿನವರ ಮೈಯ ಮೇಲ್ಭಾಗದ ಬಲ ಶೇ. 36ರಷ್ಟು ಏರಿತ್ತು. ಅದನ್ನು ಸೋಲು ಎಂದು ಬರೆದವರ ಜೊತೆ ನನಗೆ ಜಗಳವಿದೆ.

ಮೈಭಾರವೇ ಶ್ರೇಷ್ಠ, ಡಂಬೆಲ್ ಮುಟ್ಟಬಾರದು ಎಂಬ ವ್ರತ ನನಗಿಲ್ಲ. ಕೊಳ್ಳುವ ಶಕ್ತಿಯಿದ್ದರೆ ಒಂದು ಜೊತೆ ಡಂಬೆಲ್ ಕೊಳ್ಳಿ, ಬೈಸೆಪ್ಸ್‌ಗೆ ಅದು ಸುಲಭದ ದಾರಿ. ಮೈತೂಕ ಹೆಚ್ಚಿರುವವರಿಗಂತೂ ಕಂಬಿಗಿಂತ ಅದೇ ಹಿತ. ಜಿಮ್ಮಿನ ಶುಲ್ಕ, ಸಮಯ, ಒಬ್ಬಳೇ ಹೋಗಿ ಬರುವ ಅಳುಕು, ಮನೆಯವರ ಒಪ್ಪಿಗೆ, ಇವುಗಳಲ್ಲಿ ಒಂದಾದರೂ ಅಡ್ಡ ಬಂದವರಿಗೆ ಬೇರೆ ಬಾಗಿಲು ಇದೆ ಎಂದಷ್ಟೇ ನಾನು ಹೇಳುತ್ತಿರುವುದು.

ಊಟದ ಮಾತು ಹೇಳದೆ ಮುಗಿಸಿದರೆ ಅರ್ಧ ಹೇಳಿದಂತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡಿದೆ. ಈ ಸಭೆಯಲ್ಲಿ ಬೇಗ ಸುಸ್ತಾಗುವವರು, ಮೆಟ್ಟಿಲೇರಿದರೆ ಏದುಸಿರು ಬರುವವರು ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಆಮೇಲೆ ಪುಶ್ ಅಪ್. ಪ್ರೋಟೀನ್ ಲೆಕ್ಕವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಮಾಣ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, 55 ಕಿಲೋ ಇದ್ದರೆ 46 ಗ್ರಾಂ. ಸ್ನಾಯು ಬೆಳೆಸುವವರಿಗೆ ಇನ್ನೂ ಬೇಕು. ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7 ಗ್ರಾಂ, ಐವತ್ತು ಗ್ರಾಂ ತೊಗರಿಬೇಳೆಯ ಸಾರಿನಲ್ಲಿ 11, ಅಷ್ಟೇ ಹೆಸರುಕಾಳಿನ ಉಸಲಿಯಲ್ಲಿ 12, ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7. ಕೂಡಿದರೆ 65 ಗ್ರಾಂ. ಡಬ್ಬಿಯ ಪುಡಿ ಬೇಕಿಲ್ಲ. ಆದರೆ ಬೇಳೆ ತಿಳಿಯಾಗದೆ, ಹಾಲು ಮಕ್ಕಳಿಗೇ ಮುಗಿಯದೆ, ಇಷ್ಟೂ ನಿಮ್ಮ ತಟ್ಟೆಗೆ ಬರಬೇಕು.

ಹೆರಿಗೆಯಾಗಿ ಕೆಲವೇ ತಿಂಗಳಾದವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಕೈ ಮೇಲೆತ್ತಿದರೆ ಹೆಗಲು ನೋಯುವವರು ವೈದ್ಯರನ್ನು ಕೇಳಿ ಶುರುಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಗಲು ಬಿಗಿದುಕೊಳ್ಳುವುದು ಹೆಚ್ಚು. ಮಣಿಕಟ್ಟು ನೋಯುವವರು ಮುಷ್ಟಿ ಊರಿ ಮಾಡಿ. ಮೊದಲ ತಿಂಗಳು ಬಲ ಏರುತ್ತದೆ, ಗಾತ್ರ ಅಷ್ಟಾಗಿ ಕಾಣುವುದಿಲ್ಲ. ಆ ಏರಿಕೆಯಲ್ಲಿ ಹೆಚ್ಚಿನದು ನರಗಳ ಕಲಿಕೆ. ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು.

ಕೊನೆಯದಾಗಿ ಆಡಳಿತ ಮಂಡಳಿಯವರಿಗೂ ನಗರಸಭೆಯ ಸದಸ್ಯರಿಗೂ ಒಂದು ಬೇಡಿಕೆ. ಪಾರ್ಕುಗಳಲ್ಲಿ ಓಪನ್ ಜಿಮ್ ಹಾಕಿಸುತ್ತಿದ್ದೀರಿ, ಸಂತೋಷ. ನಾನು ನೋಡಿದ ಪಾರ್ಕುಗಳಲ್ಲಿ ಕಂಬಿ ಇದ್ದದ್ದು ಒಂದೇ, ಅದೂ ಎತ್ತರದ ಗಂಡಸು ಹಾರಿ ಹಿಡಿಯುವಷ್ಟು ಮೇಲೆ. ಉಳಿದವು ಕಾಲಾಡಿಸುವ, ಸೊಂಟ ತಿರುಗಿಸುವ ಯಂತ್ರಗಳು. ಅಂಥ ಒಂದು ಯಂತ್ರದ ಬದಲು ನಾಲ್ಕು ಕಂಬ ನೆಟ್ಟು ಮೂರು ಕಬ್ಬಿಣದ ಪೈಪು ಅಡ್ಡ ಹಾಕಿಸಿ: ಒಂದು ಸೊಂಟದೆತ್ತರ, ಒಂದು ಎದೆಯೆತ್ತರ, ಮೂರನೆಯದು ಐದಡಿಯ ಹುಡುಗಿ ಕೈಯೆತ್ತಿದರೆ ಸಿಗುವಷ್ಟು. ಪೈಪು ಅವಳ ಹಿಡಿಯೊಳಗೆ ಕೂಡುವಷ್ಟು ಸಣ್ಣದಿರಲಿ. ಕೆಳಗೆ ಮರಳು ಹಾಕಿಸಿ, ಹತ್ತಿರ ಒಂದು ದೀಪವಿರಲಿ. ಈ ಕಾಲೇಜಿನ ಮೈದಾನದ ಬೇವಿನ ಮರದ ಪಕ್ಕ ಜಾಗ ನೋಡಿಟ್ಟಿದ್ದೇನೆ, ಅಳತೆಯ ಚೀಟಿಯನ್ನು ಪ್ರಾಂಶುಪಾಲರ ಕೈಗೆ ಈಗಲೇ ಕೊಡುತ್ತೇನೆ.

ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ ನಾನು ಹಿಂದಿನ ವರಾಂಡದಲ್ಲಿರುತ್ತೇನೆ. ಮಾಡಿ ನೋಡಬೇಕು ಎನ್ನುವವರು ಬನ್ನಿ. ಸೀರೆ ಉಟ್ಟವರೂ ಬನ್ನಿ, ಗೋಡೆಗೆ ಕೈಯೂರಲು ಸೀರೆ ಅಡ್ಡಿಯಾಗುವುದಿಲ್ಲ. ಬಳೆ ಮಾತ್ರ ಮೇಲಕ್ಕೆ ಸರಿಸಿಕೊಳ್ಳಿ.